ಕ್ಯಾಮರಾದ ‘ಎರರ್’ ಹೇಳುವುದು ಎಲ್ಲಿ ನಿಂತಿತೆಂದು, ಏಕೆ ನಿಂತಿತೆಂದಲ್ಲ

ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಕಾಸರಗೋಡಿನ ಕಡೆ ಕ್ಯಾಮರಾಗಳಿಗೂ ರಜೆ. ಕೋಲವಿಲ್ಲ, ನೇಮವಿಲ್ಲ, ಬಯಲಾಟವಿಲ್ಲ; ಆಟಿ ತಿಂಗಳಲ್ಲಿ ಮದುವೆಯೂ ಇಲ್ಲ. ಮಳೆಗಾಲವಿಡೀ ಕ್ಯಾಮರಾ ಚೀಲದೊಳಗೆ, ಚೀಲ ಕಪಾಟಿನೊಳಗೆ. ಆಟಿ ಕಳೆದು ಸೋಣ ತಿಂಗಳು ಬಂದು ಮೊದಲ ಕೆಲಸ ಸಿಕ್ಕಿತೆಂದು ಹೊರತೆಗೆದು ಸ್ವಿಚ್ ಹಾಕಿದರೆ ಪರದೆಯ ಮೇಲೆ ಇಂಗ್ಲಿಷಿನ ಒಂದು ಸಾಲು, ಪಕ್ಕದಲ್ಲೊಂದು ಸಂಖ್ಯೆ. ಬದಿಯಡ್ಕದಲ್ಲಿರಲಿ ಉಪ್ಪಳದಲ್ಲಿರಲಿ, ಛಾಯಾಗ್ರಾಹಕ ಆಗ ಮೊದಲು ಮಾಡುವ ಕೆಲಸ ಆ ಸಂಖ್ಯೆಯ ‘ಅರ್ಥ’ವನ್ನು ಮೊಬೈಲಿನಲ್ಲಿ ಹುಡುಕುವುದು. ಒಂದೇ ಸಂಖ್ಯೆಗೆ ಒಬ್ಬರು ಲೆನ್ಸ್ ಹೋಗಿದೆ ಎನ್ನುತ್ತಾರೆ, ಇನ್ನೊಬ್ಬರು ಶಟರ್ ಎನ್ನುತ್ತಾರೆ, ಮೂರನೆಯವರು ಹೊಸ ಕ್ಯಾಮರಾ ಕೊಳ್ಳಲು ಹೇಳುತ್ತಾರೆ. ಮೂವರೂ ಸುಳ್ಳು ಹೇಳುತ್ತಿರುವುದಿಲ್ಲ. ಆ ಸಂಖ್ಯೆ ಹೇಳದಿರುವುದನ್ನು ಅದರ ಬಾಯಲ್ಲಿ ಹೇಳಿಸುತ್ತಿರುತ್ತಾರೆ, ಅಷ್ಟೆ.

ಇದು ತಿಳಿಯಬೇಕಾದರೆ ಗುಂಡಿ ಒತ್ತಿದ ಆ ಕ್ಷಣದಲ್ಲಿ ಒಳಗೇನಾಗುತ್ತದೆ ಎಂಬುದನ್ನು ನೋಡಬೇಕು. ಒಳಗೆ ಕನ್ನಡಿಯಿರುವ ಡಿಎಸ್‌ಎಲ್‌ಆರ್ ಕ್ಯಾಮರಾದಲ್ಲಿ ಗುಂಡಿಯನ್ನು ಅರ್ಧ ಒತ್ತಿದಾಗ ಬೆಳಕಿನ ಅಳತೆಯೂ ಫೋಕಸ್ಸೂ ಆಗುತ್ತವೆ. ಪೂರ್ತಿ ಒತ್ತಿದಾಗ ಕನ್ನಡಿ ಮೇಲೇಳುತ್ತದೆ, ಲೆನ್ಸಿನೊಳಗೆ ಬೆಳಕು ಬರುವ ತೆರವಿನ, ಅಂದರೆ ಅಪರ್ಚರಿನ, ಎಲೆಗಳು ಬೇಕಾದಷ್ಟು ಕಿರಿದಾಗುತ್ತವೆ, ಬೆಳಕನ್ನು ಗ್ರಹಿಸುವ ಸೆನ್ಸರಿನ ಮುಂದಿರುವ ಶಟರಿನ ಮೊದಲ ಪರದೆ ತೆರೆಯುತ್ತದೆ, ಎರಡನೆಯ ಪರದೆ ಮುಚ್ಚುತ್ತದೆ, ಕನ್ನಡಿ ಕೆಳಗಿಳಿಯುತ್ತದೆ, ಎಲೆಗಳು ಮತ್ತೆ ಅಗಲವಾಗುತ್ತವೆ, ಸೆನ್ಸರಿನಿಂದ ಬಂದ ಮಾಹಿತಿ ಚಿತ್ರವಾಗಿ ಕಾರ್ಡಿಗೆ ಬರೆಯಲ್ಪಡುತ್ತದೆ. ಇಷ್ಟಕ್ಕೂ ಬೇಕಾಗುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ಒಂದೊಂದು ಹೆಜ್ಜೆ ಮುಗಿದಾಗಲೂ ‘ಆಯಿತು’ ಎಂಬ ಸಂಕೇತ ಕ್ಯಾಮರಾದ ಮಿದುಳಿಗೆ ಬರಬೇಕು. ನಿಗದಿತ ಸಮಯದೊಳಗೆ ಬರದಿದ್ದರೆ ಅದು ಮುಂದಿನ ಕೆಲಸ ನಿಲ್ಲಿಸಿ ಸಂದೇಶ ತೋರಿಸುತ್ತದೆ.

ಭಾಗವತರು ಪದ ಎತ್ತಿಯಾಗಿದೆ, ಚೆಂಡೆಗೆ ಪೆಟ್ಟು ಬಿದ್ದಿದೆ, ವೇಷ ಮಾತ್ರ ರಂಗಕ್ಕೆ ಬಂದಿಲ್ಲ ಎಂದಿಟ್ಟುಕೊಳ್ಳಿ. ವೇಷ ಬಂದಿಲ್ಲ ಎಂಬುದು ಭಾಗವತರಿಗೆ ಗೊತ್ತು. ಕಿರೀಟದ ಕಟ್ಟು ಸಡಿಲವಾಯಿತೋ, ವೇಷಧಾರಿ ಬಣ್ಣ ಹಚ್ಚುವ ಚೌಕಿಯಲ್ಲಿ ನಿದ್ದೆ ಹೋದನೋ, ಪದ ಅವನ ಕಿವಿಗೇ ಬೀಳಲಿಲ್ಲವೋ ಎಂಬುದು ಅವರಿಗೆ ಗೊತ್ತಿಲ್ಲ. ಕ್ಯಾಮರಾದ ತಿಳಿವಳಿಕೆಯೂ ಅಷ್ಟೇ.

ಹಳೆಯ ಕ್ಯಾನನ್ ಕ್ಯಾಮರಾಗಳ ಕುಖ್ಯಾತ ‘ಎರರ್ 99’ ಇದಕ್ಕೆ ಒಳ್ಳೆಯ ಉದಾಹರಣೆ. ಬೇರೆ ಯಾವ ಸಂಖ್ಯೆಗೂ ಹೊಂದದ ತೊಂದರೆಗಳೆಲ್ಲ ಆ 99ರ ಬುಟ್ಟಿಗೆ ಬೀಳುತ್ತಿದ್ದವು. ಮುಂದಿನ ಮಾದರಿಗಳಲ್ಲಿ ಅದನ್ನು ಒಡೆದು 10, 20, 30 ಎಂದು 80ರವರೆಗೆ ಬೇರೆ ಬೇರೆ ಸಂಖ್ಯೆ ಕೊಟ್ಟರು. ಆದರೆ ಕೈಪಿಡಿ ತೆರೆದರೆ ಇವೆಲ್ಲಕ್ಕೂ ಒಂದೇ ಸಲಹೆ: ಕ್ಯಾಮರಾ ಆರಿಸಿ, ಬ್ಯಾಟರಿ ತೆಗೆದು ಹಾಕಿ, ಮತ್ತೆ ಹೊತ್ತಿಸಿ. ಓದಿದವರಿಗೆ ಸಿಟ್ಟು ಬರುವುದು ಸಹಜ. ಆದರೂ ಆ ಸಲಹೆ ಟೊಳ್ಳಲ್ಲ. ಸ್ವಿಚ್ ಆರಿಸಿದರೂ ಒಳಗೆ ಸ್ವಲ್ಪ ವಿದ್ಯುತ್ ಓಡಾಡುತ್ತಲೇ ಇರುತ್ತದೆ. ಬ್ಯಾಟರಿ ತೆಗೆದು ಕೆಲವು ನಿಮಿಷ ಬಿಟ್ಟಾಗ ಮಾತ್ರ ಎಲ್ಲವೂ ಮೊದಲಿನಿಂದ ಶುರುವಾಗುತ್ತದೆ. ಹಾಗೆ ಮಾಡಿ ಸರಿಹೋಗಿ ಮತ್ತೆ ಬರದಿದ್ದರೆ ಅದನ್ನು ಮರೆತುಬಿಡಬಹುದು. ಒಂದು ಗಂಟೆಯೊಳಗೆ ಅದೇ ಸಂಖ್ಯೆ ಮರಳಿದರೆ ನಿಜವಾದ ಹುಡುಕಾಟ ಶುರುಮಾಡಬೇಕು. ಹುಡುಕುವಾಗ ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಲೆನ್ಸ್, ಕಾರ್ಡ್, ಬ್ಯಾಟರಿ ಮೂರನ್ನೂ ಒಟ್ಟಿಗೆ ಬದಲಿಸಿ ಸರಿಪಡಿಸಿದವನಿಗೆ ದೋಷ ಯಾವುದರಲ್ಲಿತ್ತು ಎಂಬುದು ತಿಳಿಯದು. ಮುಂದಿನ ಮದುವೆಗೆ ಅದೇ ದೋಷದ ವಸ್ತುವನ್ನು ಹೊತ್ತುಕೊಂಡು ಹೋಗುತ್ತಾನೆ.

ಲೆನ್ಸಿನಿಂದ ಆರಂಭಿಸೋಣ. ಕ್ಯಾನನ್‌ನಲ್ಲಿ ‘ಎರರ್ 01’ ಬಂದರೆ ಕ್ಯಾಮರಾಕ್ಕೂ ಲೆನ್ಸಿಗೂ ಮಾತು ನಿಂತಿದೆ ಎಂದರ್ಥ. ಲೆನ್ಸಿನ ಹಿಂಬದಿಯಲ್ಲಿ ಚಿನ್ನದ ಬಣ್ಣದ ಸಣ್ಣ ಚುಕ್ಕೆಗಳ ಸಾಲು ಕಾಣುತ್ತದಲ್ಲ, ಮಾತುಕತೆ ನಡೆಯುವುದು ಅವುಗಳ ಮೂಲಕ. ಚಿನ್ನದ ಲೇಪಕ್ಕೆ ತುಕ್ಕು ಹಿಡಿಯುವುದಿಲ್ಲ, ನಿಜ. ಆದರೆ ಅದರ ಮೇಲೆ ಬೆರಳಿನ ಎಣ್ಣೆ, ಧೂಳು, ಕಡಲ ಗಾಳಿಯ ಉಪ್ಪು ಕೂರುತ್ತವೆ. ಉಪ್ಪಿನ ಗುಣವೇ ಗಾಳಿಯ ತೇವವನ್ನು ಎಳೆದುಕೊಳ್ಳುವುದು. ಹಾಗಾಗಿ ಮಂಜೇಶ್ವರದಿಂದ ಬೇಕಲದವರೆಗಿನ ಕರಾವಳಿಯಲ್ಲಿ ಓಡಾಡಿದ ಲೆನ್ಸಿನ ಮೇಲಿನ ಆ ತೆಳು ಪದರ ಮಳೆ ನಿಂತ ಮೇಲೂ ಪೂರ್ತಿ ಒಣಗುವುದಿಲ್ಲ. ಕ್ಯಾಮರಾ ಆರಿಸಿ, ಲೆನ್ಸ್ ಬಿಚ್ಚಿ, ಎಳೆ ಬಿಡದ ಹತ್ತಿಬಟ್ಟೆಗೆ ಒಂದೆರಡು ಹನಿ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಆ ಚುಕ್ಕೆಗಳನ್ನು ಒರೆಸಿದರೆ ಸಾಕು. ಮರಳುಕಾಗದದಿಂದ ಉಜ್ಜಬೇಡಿ, ಲೇಪವೇ ಹೋಗುತ್ತದೆ. ರಬ್ಬರ್ ಹಾಕಿ ತಿಕ್ಕುವ ರೂಢಿಯೂ ಇದೆ. ನನಗದು ಒಪ್ಪಿಗೆಯಿಲ್ಲ, ಏಕೆಂದರೆ ಅದರ ಪುಡಿ ಕ್ಯಾಮರಾದ ಒಳಗೇ ಬೀಳುತ್ತದೆ.

ಒರೆಸಿದರೂ ಹೋಗದಿದ್ದರೆ ಒಂದು ಪರೀಕ್ಷೆ ಇದೆ. ಖರ್ಚಿಲ್ಲದ್ದು, ಐದು ನಿಮಿಷದ್ದು, ಇಷ್ಟು ಸ್ಪಷ್ಟ ಉತ್ತರ ಕೊಡುವ ಇನ್ನೊಂದು ಪರೀಕ್ಷೆಯನ್ನು ನಾನು ಕಾಣೆ. ಅಪರ್ಚರನ್ನು ಆ ಲೆನ್ಸಿನ ಅತಿ ಸಣ್ಣ ಎಫ್ ಸಂಖ್ಯೆಗೆ, ಅಂದರೆ ಅತಿ ಅಗಲದ ತೆರವಿಗೆ ಇಟ್ಟು ಒಂದು ಚಿತ್ರ ತೆಗೆಯಿರಿ. ಆಮೇಲೆ ಎಫ್ 8ಕ್ಕೆ ಇಟ್ಟು ಇನ್ನೊಂದು. ಮೊದಲನೆಯದು ಬಂದು ಎರಡನೆಯದಕ್ಕೆ ಎರರ್ ಬಿದ್ದರೆ ದೋಷ ಅಪರ್ಚರ್ ಎಲೆಗಳಲ್ಲಿ ಅಥವಾ ಅವುಗಳಿಗೆ ಹೋಗುವ ತಂತಿಯಲ್ಲಿದೆ. ಕಾರಣ ಸರಳ. ನೀವು ಯಾವ ಸಂಖ್ಯೆ ಇಟ್ಟರೂ ಗುಂಡಿ ಒತ್ತುವವರೆಗೆ ಲೆನ್ಸ್ ಪೂರ್ತಿ ತೆರೆದೇ ಇರುತ್ತದೆ; ಇಲ್ಲವಾದರೆ ವ್ಯೂಫೈಂಡರ್ ಕತ್ತಲಾಗುತ್ತಿತ್ತು. ಅಗಲದ ತೆರವಿನಲ್ಲಿಯೇ ತೆಗೆದರೆ ಎಲೆಗಳು ಅಲುಗಾಡಬೇಕಾಗಿಲ್ಲ. ಎಫ್ 8 ಎಂದಾಗ ಅವು ಅಲುಗಲೇಬೇಕು. ಅಲುಗಲಾರದ್ದು ಆಗ ಸಿಕ್ಕಿಬೀಳುತ್ತದೆ. ಅಂದಿನ ಕೆಲಸವನ್ನು ಅಗಲದ ತೆರವಿನಲ್ಲಿಯೇ ಮುಗಿಸಿ ಮನೆಗೆ ಬರಬಹುದು ಎಂಬುದು ಇದರಿಂದ ಸಿಗುವ ಇನ್ನೊಂದು ಲಾಭ.

ಝೂಮ್ ಲೆನ್ಸಾದರೆ ಬೇರೆ ಬೇರೆ ಝೂಮ್ ಅಂತರಗಳಲ್ಲಿಯೂ ತೆಗೆದು ನೋಡಿ. ಒಂದು ನಿರ್ದಿಷ್ಟ ಜಾಗದಲ್ಲಿ ಮಾತ್ರ ಎರರ್ ಬರುತ್ತಿದ್ದರೆ ಒಳಗಿನ ಪಟ್ಟಿತಂತಿ ಬಾಗಿ ಬಾಗಿ ಬಿರುಕು ಬಿಟ್ಟಿರುವ ಸಂಭವ ಹೆಚ್ಚು. ಲೆನ್ಸ್ ರಿಪೇರಿಗಳಲ್ಲಿ ಇದು ತೀರಾ ಸಾಮಾನ್ಯವಾದದ್ದು. ಲೆನ್ಸೇ ಇಲ್ಲದೆ ಗುಂಡಿ ಒತ್ತಿದಾಗಲೂ ಎರರ್ ಬಂದರೆ ಲೆನ್ಸ್ ನಿರಪರಾಧಿ. ಕನ್ನಡಿ ಅಥವಾ ಶಟರ್ ಕಡೆ ನೋಡಬೇಕು. ಶಟರಿಗೂ ಆಯುಸ್ಸಿದೆ. ಆರಂಭಿಕ ಹಾಗೂ ನಡುವಿನ ದರ್ಜೆಯ ಕ್ಯಾಮರಾಗಳಲ್ಲಿ ಸುಮಾರು 1 ಲಕ್ಷ, 1.5 ಲಕ್ಷ ಚಿತ್ರಗಳಿಗೆ ಪರೀಕ್ಷಿಸಿರುತ್ತಾರೆ. ವೃತ್ತಿಪರ ಕ್ಯಾಮರಾಗಳಲ್ಲಿ ಇದು 4, 5 ಲಕ್ಷದವರೆಗೂ ಹೋಗುತ್ತದೆ. ವರ್ಷವಿಡೀ ಮದುವೆ ತೆಗೆಯುವವರ ಸೆಕೆಂಡ್ ಹ್ಯಾಂಡ್ ಕ್ಯಾಮರಾ ಕೊಂಡವರು ಈ ಲೆಕ್ಕವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಶಟರಿನ ಪರದೆಗಳು ಕಾಗದಕ್ಕಿಂತ ತೆಳು. ಬೆರಳು ತಾಗಿಸಬೇಡಿ, ಡಬ್ಬಿಯ ಒತ್ತಡದ ಗಾಳಿ ಊದಬೇಡಿ.

ನಿಕಾನ್ ಬಳಸುವವರನ್ನು ಹೆದರಿಸುವುದು ‘ಎಫ್‌ಇಇ’ ಎಂಬ ಮೂರು ಅಕ್ಷರ. ಅದು ದೋಷವೇ ಅಲ್ಲ. 50 ಮಿಲಿಮೀಟರ್ 1.8ಡಿಯಂತಹ ಹಳೆಯ ಲೆನ್ಸುಗಳಿಗೆ ಅಪರ್ಚರಿನದೇ ಒಂದು ಬಳೆ ಇರುತ್ತದೆ. ಅದನ್ನು ಕೊನೆಯ ಸಂಖ್ಯೆಗೆ, ಆ ಲೆನ್ಸಿನಲ್ಲಿ 22ಕ್ಕೆ, ತಿರುಗಿಸಿ ಲಾಕ್ ಮಾಡಿದರೆ ಮಾತ್ರ ಕ್ಯಾಮರಾ ತಾನೇ ಅಪರ್ಚರನ್ನು ನಿಯಂತ್ರಿಸಬಲ್ಲದು. ಚೀಲದಿಂದ ತೆಗೆಯುವಾಗ ಬಳೆ ಜರುಗಿರುತ್ತದೆ, ಅಷ್ಟೇ.

ಇನ್ನು ಕಾರ್ಡಿನ ವಿಷಯ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಲೆನ್ಸ್ ಕೆಟ್ಟರೆ ಹಣ ಹೋಗುತ್ತದೆ, ಕಾರ್ಡಿನಲ್ಲಿ ಎಡವಿದರೆ ಇನ್ನೊಬ್ಬರ ಮದುವೆಯೇ ಹೋಗುತ್ತದೆ.

ಕಾರ್ಡ್ ಓದಲಾಗದಿದ್ದಾಗ ಕ್ಯಾಮರಾ ಕೊಡುವ ಸಲಹೆಗಳಲ್ಲಿ ಒಂದು, ‘ಫಾರ್ಮ್ಯಾಟ್ ಮಾಡಿ’, ಅಂದರೆ ಕಾರ್ಡನ್ನು ಖಾಲಿ ಮಾಡಿ ಹೊಸದಾಗಿ ಸಿದ್ಧಗೊಳಿಸಿ. ಕ್ಯಾನನ್‌ನಲ್ಲಿ ‘ಎರರ್ 02’, ನಿಕಾನ್‌ನಲ್ಲಿ ಮಿನುಗುವ ‘ಸಿಎಚ್‌ಎ’ ಅಥವಾ ‘ಎಫ್‌ಓಆರ್’, ಸೋನಿಯ ಕೆಲವು ಮಾದರಿಗಳಲ್ಲಿ ‘ಸಿ:13’ರಿಂದ ಆರಂಭವಾಗುವ ಸಂಖ್ಯೆ ಈ ಗುಂಪಿಗೆ ಸೇರಿದವು. ಫಾರ್ಮ್ಯಾಟ್ ಮಾಡಿದರೆ ಸಂದೇಶ ಹೋಗಿಬಿಡುವುದೂ ಉಂಟು. ಕ್ಯಾಮರಾಕ್ಕೆ ಬೇಕಾದದ್ದು ಮುಂದಿನ ಚಿತ್ರ ಬರೆಯಲು ಜಾಗ. ನಿಮಗೆ ಬೇಕಾದದ್ದು ಬೆಳಿಗ್ಗೆಯಿಂದ ತೆಗೆದ ಚಿತ್ರಗಳು. ಅದರ ಸಲಹೆ ಅದರ ಅನುಕೂಲಕ್ಕೆ. ಕಾರ್ಡಿನಲ್ಲಿ ಬೇಕಾದದ್ದು ಏನಾದರೂ ಇದ್ದರೆ ಆ ಪ್ರಶ್ನೆಗೆ ಯಾವತ್ತೂ ‘ಬೇಡ’ ಎನ್ನಿ. ಕ್ಯಾಮರಾ ಆರಿಸಿ, ಕಾರ್ಡ್ ತೆಗೆದು ಜೇಬಿಗೆ ಹಾಕಿ, ಬೇರೆ ಕಾರ್ಡ್ ತುರುಕಿ ಕೆಲಸ ಮುಂದುವರಿಸಿ. ಎರಡನೆಯ ಕಾರ್ಡ್ ಸರಿಯಾಗಿ ಓದಿದರೆ ಅಲ್ಲಿಗೆ ಕ್ಯಾಮರಾ ನಿರಪರಾಧಿ ಎಂದೂ ತಿಳಿಯಿತು.

ಮನೆಗೆ ಬಂದು ಕಾರ್ಡ್ ರೀಡರಿಗೆ ಹಾಕಿದಾಗ ಕಂಪ್ಯೂಟರೂ ಅದೇ ಪ್ರಶ್ನೆ ಕೇಳಬಹುದು. ಅದಕ್ಕೂ ಅದೇ ಉತ್ತರ. ಕಾರ್ಡಿನಲ್ಲಿ ಎರಡು ಸಂಗತಿಗಳಿರುತ್ತವೆ: ಚಿತ್ರಗಳು, ಮತ್ತು ಯಾವ ಚಿತ್ರ ಎಲ್ಲಿದೆ ಎಂದು ಹೇಳುವ ಪಟ್ಟಿ. ಬರೆಯುತ್ತಿರುವಾಗಲೇ ಬ್ಯಾಟರಿ ಮುಗಿದರೆ, ಕೆಂಪು ದೀಪ ಮಿನುಗುತ್ತಿರುವಾಗಲೇ ಕಾರ್ಡ್ ಎಳೆದರೆ ಹೆಚ್ಚಾಗಿ ಹಾಳಾಗುವುದು ಪಟ್ಟಿ. ಸಾಮಾನ್ಯ ಫಾರ್ಮ್ಯಾಟ್ ಕೂಡ ಪಟ್ಟಿಯನ್ನೇ ಹೊಸದಾಗಿ ಬರೆಯುತ್ತದೆ; ಚಿತ್ರಗಳು ಅವುಗಳ ಮೇಲೆ ಬೇರೇನಾದರೂ ಬರೆಯುವವರೆಗೆ ಅಲ್ಲಿಯೇ ಬಿದ್ದಿರುತ್ತವೆ. ಆದ್ದರಿಂದ ತಪ್ಪಿ ಫಾರ್ಮ್ಯಾಟ್ ಒತ್ತಿದವರೂ ಅಷ್ಟಕ್ಕೆ ನಿಲ್ಲಿಸಿದರೆ ಬಚಾವಾಗಬಹುದು. ಕೆಲವು ಕ್ಯಾಮರಾಗಳ ಮೆನುವಿನಲ್ಲಿರುವ ‘ಲೋ ಲೆವೆಲ್’ ಫಾರ್ಮ್ಯಾಟ್ ಮಾತ್ರ ಚಿತ್ರಗಳನ್ನೂ ಅಳಿಸುತ್ತದೆ, ಅದಕ್ಕೆ ಮದ್ದಿಲ್ಲ. ಫೋಟೊರೆಕ್ ಎಂಬ ಉಚಿತ ತಂತ್ರಾಂಶ ಪಟ್ಟಿಯನ್ನು ಕಡೆಗಣಿಸಿ ನೇರವಾಗಿ ಚಿತ್ರಗಳ ಗುರುತನ್ನೇ ಹುಡುಕಿ ಎತ್ತುತ್ತದೆ. ನೋಡಲು ಒರಟು, ಚಿತ್ರಗಳ ಹಳೆಯ ಹೆಸರುಗಳೂ ಉಳಿಯುವುದಿಲ್ಲ, ಆದರೆ ಕೆಲಸ ಗಟ್ಟಿ. ಎತ್ತಿದ ಚಿತ್ರಗಳನ್ನು ಅದೇ ಕಾರ್ಡಿಗೆ ಉಳಿಸಬೇಡಿ. ಉಳಿಸುತ್ತಾ ಹೋದಂತೆ ಉಳಿದವುಗಳ ಮೇಲೆ ಬರೆದುಕೊಂಡು ಹೋಗುತ್ತದೆ.

ದೋಷವಿಲ್ಲದ ಕಾರ್ಡಿಗೂ ಎರರ್ ಬರುವುದುಂಟು. ಎಸ್‌ಡಿ ಕಾರ್ಡುಗಳಲ್ಲಿ ನಮ್ಮ ಕೈಗೆ ಸಾಮಾನ್ಯವಾಗಿ ಸಿಗುವುದು ಮೂರು ಪೀಳಿಗೆಗಳು: 2 ಜಿಬಿಯವರೆಗಿನ ಮೂಲ ಎಸ್‌ಡಿ, 2006ರಲ್ಲಿ ಬಂದ 32 ಜಿಬಿಯವರೆಗಿನ ಎಸ್‌ಡಿಎಚ್‌ಸಿ, 2009ರಲ್ಲಿ ಪ್ರಕಟವಾದ, ಅದಕ್ಕಿಂತ ದೊಡ್ಡದಾದ ಎಸ್‌ಡಿಎಕ್ಸ್‌ಸಿ. ಮೂರರದೂ ಒಂದೇ ಆಕಾರ. ಆದರೆ 2007ರ ಕ್ಯಾಮರಾಕ್ಕೆ 64 ಜಿಬಿಯ ಕಾರ್ಡಿನ ಭಾಷೆ ತಿಳಿಯದು. ಅಣ್ಣನ ಹಳೆಯ ಕ್ಯಾಮರಾಕ್ಕೆ ತಮ್ಮ ಗಲ್ಫಿನಿಂದ ದೊಡ್ಡ ಕಾರ್ಡ್ ತಂದುಕೊಟ್ಟಾಗ ನಡೆಯುವುದು ಇದೇ. ಕಾರ್ಡೂ ಸರಿ, ಕ್ಯಾಮರಾವೂ ಸರಿ. ‘ಕಾರ್ಡ್ ಲಾಕ್ ಆಗಿದೆ’ ಎಂಬ ಸಂದೇಶವೂ ಹೆಚ್ಚಾಗಿ ಪ್ಲಾಸ್ಟಿಕ್ಕಿನ ಜಗಳ. ಪಕ್ಕದ ಆ ಪುಟ್ಟ ಜಾರುಗುಂಡಿಗೂ ಒಳಗಿನ ಚಿಪ್‌ಗೂ ಯಾವ ಸಂಬಂಧವೂ ಇಲ್ಲ. ಗುಂಡಿ ಎಲ್ಲಿದೆ ಎಂದು ನೋಡುವುದು ಕ್ಯಾಮರಾದ ಕಿಂಡಿ. ಗುಂಡಿ ಸಡಿಲಾಗಿ ತುರುಕುವಾಗಲೇ ಜಾರುತ್ತಿದ್ದರೆ, ಅಥವಾ ಮುರಿದು ಬಿದ್ದೇ ಹೋಗಿದ್ದರೆ, ಆ ಕಚ್ಚಿನ ಮೇಲೆ ತೆಳುವಾದ ಟೇಪ್ ಅಂಟಿಸಿದರೆ ಕೆಲಸ ನಡೆಯುತ್ತದೆ. ಹಾಗಂತ ಆ ಕಾರ್ಡನ್ನು ಬಹುಕಾಲ ನಂಬಿ ಕೂರಬಾರದು.

ಕಡಿಮೆ ಬೆಲೆಗೆ ಸಿಕ್ಕಿತೆಂದು ಕೊಂಡ 128 ಜಿಬಿ ಕಾರ್ಡುಗಳಲ್ಲಿ ನಕಲಿಗಳಿವೆ. ಒಳಗಿರುವುದು ಎಷ್ಟೋ ಕಡಿಮೆ ಜಾಗ. ಹೊರಗೆ ತಾನು 128 ಎಂದು ಸುಳ್ಳು ಹೇಳುತ್ತದೆ. ನಿಜವಾದ ಜಾಗ ಮುಗಿಯುವವರೆಗೆ ಎಲ್ಲವೂ ಸರಿ, ಆಮೇಲೆ ಬರೆದದ್ದೆಲ್ಲ ಹಾಳು. ಎಚ್‌2ಟೆಸ್ಟ್‌ಡಬ್ಲ್ಯೂ, ಎಫ್3 ಎಂಬ ಉಚಿತ ತಂತ್ರಾಂಶಗಳು ಕಾರ್ಡನ್ನು ತುಂಬಿಸಿ, ಓದಿ, ಸತ್ಯ ಹೇಳುತ್ತವೆ. ಹೊಸ ಕಾರ್ಡ್ ಕೊಂಡ ದಿನವೇ ಇದನ್ನು ಮಾಡಬೇಕು, ಮದುವೆಯ ದಿನವಲ್ಲ. ವಿಡಿಯೊ ನಡುವೆ ತಾನಾಗಿ ನಿಂತರೆ ಮಾತ್ರ ಕಾರ್ಡಿನ ವೇಗವನ್ನು ಸಂಶಯಿಸಿ: ‘ಕ್ಲಾಸ್ 10’ ಎಂದರೆ ಸೆಕೆಂಡಿಗೆ ಕನಿಷ್ಠ 10 ಮೆಗಾಬೈಟ್, ‘ಯು3’ ಅಥವಾ ‘ವಿ30’ ಎಂದರೆ 30. ಚಿತ್ರ ತೋರಿಸಲಾಗದು ಎಂಬ ಸಂದೇಶ ಬಂದರೆ ಹೆಚ್ಚಾಗಿ ಯಾರೋ ಕಂಪ್ಯೂಟರಿನಲ್ಲಿ ಚಿತ್ರವನ್ನು ತಿದ್ದಿ ಅಥವಾ ಹೆಸರು ಬದಲಿಸಿ ಕಾರ್ಡಿಗೆ ಮರಳಿ ಹಾಕಿರುತ್ತಾರೆ.

ಯಾವ ಕಾರ್ಡ್ ಹಾಕಿದರೂ ಎರರ್ ಎಂದಾದರೆ ಕಿಂಡಿಯೊಳಗೆ ಟಾರ್ಚ್ ಬಿಟ್ಟು ನೋಡಿ. ಹಳೆಯ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡಿನ ಕ್ಯಾಮರಾಗಳಲ್ಲಿ 50 ಸೂಜಿಯಂತಹ ಪಿನ್ನುಗಳಿರುತ್ತವೆ. ಕಾರ್ಡನ್ನು ಓರೆಯಾಗಿ ತುರುಕಿ ಒಂದನ್ನು ಬಾಗಿಸಿದರೂ ಸಾಕು.

ಬ್ಯಾಟರಿಯ ಸಂದೇಶಗಳು ಅಷ್ಟು ಕಷ್ಟದವಲ್ಲ. ‘ಈ ಬ್ಯಾಟರಿಯೊಂದಿಗೆ ಸಂವಹನ ಸಾಧ್ಯವಿಲ್ಲ’ ಎಂದರೆ ಬ್ಯಾಟರಿಯೊಳಗಿನ ಚಿಪ್ಪನ್ನು ಕ್ಯಾಮರಾ ಗುರುತಿಸುತ್ತಿಲ್ಲ; ಬೇರೆ ಕಂಪನಿಯ ಬ್ಯಾಟರಿಗಳಲ್ಲಿ ಇದು ಮಾಮೂಲು. ಪ್ರತಿ ಸಲ ದಿನಾಂಕ ಕೇಳುತ್ತಿದ್ದರೆ ಗಡಿಯಾರಕ್ಕೆಂದೇ ಇರುವ ಒಳಗಿನ ಪುಟ್ಟ ಬ್ಯಾಟರಿ ಬರಿದಾಗಿದೆ. ಆಟಿಯಿಡೀ ಕಪಾಟಿನಲ್ಲಿದ್ದ ಕ್ಯಾಮರಾದ ಮೊದಲ ದೂರು ಹೆಚ್ಚಾಗಿ ಇದೇ. ಹಲವು ಮಾದರಿಗಳಲ್ಲಿ ಪೂರ್ತಿ ಚಾರ್ಜ್ ಆದ ಮುಖ್ಯ ಬ್ಯಾಟರಿಯನ್ನು ಎರಡು ಮೂರು ದಿನ ಕ್ಯಾಮರಾದಲ್ಲಿಯೇ ಬಿಟ್ಟರೆ ಅದು ತಾನಾಗಿ ತುಂಬಿಕೊಳ್ಳುತ್ತದೆ; ಕೆಲವಕ್ಕೆ ನಾಣ್ಯದಂತಹ ಸೆಲ್ ಬದಲಿಸಬೇಕು. ಸಂದೇಶವೇ ಇಲ್ಲದೆ ಕ್ಯಾಮರಾ ಸತ್ತಂತಿದ್ದರೆ ಬ್ಯಾಟರಿಯ ಬಾಗಿಲನ್ನು ನೋಡಿ. ಬಾಗಿಲು ಮುಚ್ಚಿದೆಯೇ ಎಂದು ತಿಳಿಯಲು ಒಳಗೊಂದು ಸಣ್ಣ ಸ್ವಿಚ್ ಇದೆ, ಅದನ್ನು ಒತ್ತುವುದು ಬಾಗಿಲಿನ ಪುಟ್ಟ ಪ್ಲಾಸ್ಟಿಕ್ ಮೊಳೆ. ಅದು ಮುರಿದರೆ ಎಷ್ಟು ಒಳ್ಳೆಯ ಬ್ಯಾಟರಿ ಹಾಕಿದರೂ ಕ್ಯಾಮರಾ ಏಳುವುದಿಲ್ಲ.

ಸಂಖ್ಯೆಯೇ ಇಲ್ಲದ ದೋಷ ಒಂದಿದೆ, ನಮ್ಮ ಜಿಲ್ಲೆಯಲ್ಲಿ ಮೇಲಿನ ಅರ್ಧದಷ್ಟು ಸಂದೇಶಗಳ ಹಿಂದೆ ಅದೇ ಇದೆ ಎಂದು ನನ್ನ ಗುಮಾನಿ: ತೇವ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು ನಮ್ಮದು. ಹವಾನಿಯಂತ್ರಿತ ಕಾರಿನಿಂದ ಅಥವಾ ಸಭಾಂಗಣದಿಂದ ತಣ್ಣಗಿನ ಕ್ಯಾಮರಾವನ್ನು ಮಳೆಗಾಲದ ಅಂಗಳಕ್ಕೆ ತಂದ ಕೂಡಲೇ ಗಾಳಿಯ ಆವಿ ಅದರ ಮೇಲೆ ನೀರಾಗುತ್ತದೆ. ಗಾಜಿನ ಮೇಲಿನ ಮಂಜು ಕಾಣುತ್ತದೆ, ಒರೆಸುತ್ತೇವೆ. ಒಳಗಿನ ಸರ್ಕ್ಯೂಟಿನ ಮೇಲಿನದು ಕಾಣುವುದಿಲ್ಲ. ಹೊರಗೆ ಬರುವ ಮೊದಲೇ ಕ್ಯಾಮರಾವನ್ನು ಚೀಲದಲ್ಲಿಟ್ಟು ಝಿಪ್ ಎಳೆದು, ಹೊರಗೆ ಅರ್ಧ ಗಂಟೆ ಹಾಗೆಯೇ ಬಿಟ್ಟರೆ ಅದು ನಿಧಾನವಾಗಿ ಬೆಚ್ಚಗಾಗುತ್ತದೆ. ಮೇ ತಿಂಗಳಲ್ಲಿ ವಿಡಿಯೊ ತೆಗೆಯುವಾಗ ‘ಬಿಸಿಯಾಗಿದೆ’ ಎಂಬ ಎಚ್ಚರಿಕೆ ಬಂತೆಂದು ಫ್ರಿಜ್ಜಿನಲ್ಲಿಡುವುದೂ ಇದೇ ಕಾರಣಕ್ಕೆ ಅಪಾಯ. ನೆರಳಿನಲ್ಲಿ ಆರಿಸಿಟ್ಟು, ಬ್ಯಾಟರಿ ಬಾಗಿಲು ತೆರೆದಿಟ್ಟರೆ ಸಾಕು.

ಮಳೆಗಾಲದಲ್ಲಿ ಚೀಲವೇ ಶತ್ರು. ಚರ್ಮ, ಸ್ಪಂಜು ಎರಡೂ ತೇವ ಹಿಡಿದಿಡುತ್ತವೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಿ. ಬಣ್ಣ ಬದಲಾಯಿಸುವ ಬಗೆಯದಾದರೆ ನೀಲಿ ಹರಳು ಗುಲಾಬಿಯಾದಾಗ ಬಿಸಿ ಮಾಡಿ ಮತ್ತೆ ಬಳಸಬಹುದು. ಶೇಕಡಾ 40ರಿಂದ 50ರ ತೇವಾಂಶ ಕಾಯ್ದುಕೊಳ್ಳುವ ಡ್ರೈ ಕ್ಯಾಬಿನೆಟ್ ಇನ್ನೂ ಒಳ್ಳೆಯದು, ಫಂಗಸ್ಸೂ ಹತ್ತಿರ ಬಾರದು. ಅಕ್ಕಿಯ ಡಬ್ಬಿ ಬೇಡ, ಅದರ ಹುಡಿ ಸಂದುಗಳಿಗೆ ಹೋಗುತ್ತದೆ. ಬೆಚ್ಚಗಿದೆಯೆಂದು ಒಲೆಯ ಮೇಲಿನ ಅಟ್ಟದಲ್ಲಿಡುವುದೂ ಬೇಡ, ಹೊಗೆಯ ಜಿಡ್ಡು ಲೆನ್ಸಿಗೆ ಮೆತ್ತುತ್ತದೆ. ಸಮುದ್ರದ ನೀರಿಗೇ ಬಿದ್ದರೆ ಮಾತ್ರ ಇದಾವುದೂ ಸಾಲದು. ಆ ಕ್ಷಣವೇ ಬ್ಯಾಟರಿ ತೆಗೆದು, ಮತ್ತೆ ಸ್ವಿಚ್ ಹಾಕಿ ನೋಡುವ ಆಸೆಯನ್ನು ಅದುಮಿಟ್ಟು ರಿಪೇರಿಗೆ ಒಯ್ಯಬೇಕು.

ಬೇಕಲ ಕೋಟೆಯ ಕೆಳಗಿನ ಮರಳಿನಲ್ಲಿ ಸಣ್ಣ ಕ್ಯಾಮರಾ ಹಿಡಿದು ಆಡಿದವರಿಗೆ ‘ಲೆನ್ಸ್ ಎರರ್’ ಪರಿಚಿತ. ಮುಂದೆ ಚಾಚುವ ಕೊಳವೆಗಳ ಸಂದಿಗೆ ಒಂದು ಕಾಳು ಮರಳು ಹೊಕ್ಕರೂ ಮೋಟಾರಿಗೆ ತಡೆ. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಲೆನ್ಸನ್ನು ನೆಲದ ಕಡೆ ಹಿಡಿದು, ಕೈಯಿಂದ ಅಮುಕುವ ರಬ್ಬರ್ ಬ್ಲೋವರಿನಿಂದ ಸಂದಿಗೆ ಊದಿ ಪ್ರಯತ್ನಿಸಿ. ಕೈಯಿಂದ ಎಳೆದರೆ ಹಲ್ಲುಚಕ್ರ ಮುರಿಯುತ್ತದೆ.

ಇವುಗಳ ನಡುವೆ ಎರರ್ ಅಲ್ಲದ ಎರರುಗಳೂ ಇವೆ. ರಾತ್ರಿಯ ತೆಯ್ಯಂನಲ್ಲಿ ಸೂಟೆಯ ಬೆಳಕಿಗೆ ಗುಂಡಿ ಒತ್ತಿದರೆ ಕ್ಯಾಮರಾ ಮೌನ: ಕತ್ತಲಲ್ಲಿ ಫೋಕಸ್ ಸಿಕ್ಕಿಲ್ಲ, ಸಿಗದೆ ತೆಗೆಯಲು ಅದು ಒಪ್ಪುತ್ತಿಲ್ಲ. ಬೆಳಕಿನ ಅಂಚಿಗೆ ಫೋಕಸ್ ಬಿಂದುವನ್ನು ತಂದರೆ ಅಥವಾ ಕೈಯಿಂದ ಫೋಕಸ್ ಮಾಡಿದರೆ ಆಯಿತು. ಒಂದೇ ಸಮನೆ ಒತ್ತಿದಾಗ ‘ಬ್ಯುಸಿ’ ಎಂದರೆ ತಾತ್ಕಾಲಿಕ ನೆನಪು ತುಂಬಿದೆ, ಕಾರ್ಡಿಗೆ ಬರೆದು ಮುಗಿಯಲಿ.

ಇಷ್ಟೆಲ್ಲ ನೋಡಿದ ಮೇಲೂ ಉಳಿದದ್ದು ರಿಪೇರಿಯವರ ಪಾಲು. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ‘ಎರರ್ ಬರುತ್ತದೆ’ ಎಂದಷ್ಟೇ ಹೇಳಲು ಅಷ್ಟು ದೂರ ಹೋಗಬೇಕಾಗಿಲ್ಲ. ಸಂದೇಶ ಬಂದಾಗಲೇ ಪರದೆಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಯಾವ ಲೆನ್ಸಿನಲ್ಲಿ ಬಂತು, ಯಾವ ಎಫ್ ಸಂಖ್ಯೆಯಲ್ಲಿ, ಝೂಮ್ ಎಲ್ಲಿತ್ತು, ಲೆನ್ಸ್ ಇಲ್ಲದೆಯೂ ಬಂತೇ, ಬೇರೆ ಕಾರ್ಡಿನಲ್ಲಿ ಬಂತೇ ಎಂದು ಬರೆದುಕೊಡಿ. ಅಗಲದ ತೆರವಿನಲ್ಲಿ ಸರಿ, ಎಫ್ 8ರಲ್ಲಿ ಎರರ್ ಎಂದು ಹೇಳಬಲ್ಲವನಿಗೆ ಕ್ಯಾಮರಾದ ಮದರ್ ಬೋರ್ಡ್ ಹೋಗಿದೆ ಎಂದು ಯಾರೂ ಸುಲಭವಾಗಿ ಹೇಳಲಾರರು. ಸಮಸ್ಯೆ ಲೆನ್ಸಿನಲ್ಲಿದ್ದರೂ ಕ್ಯಾಮರಾವನ್ನೂ ಜೊತೆಗೆ ಕೊಡಿ, ಎರಡನ್ನೂ ಸೇರಿಸಿಯೇ ಪರೀಕ್ಷಿಸಬೇಕಾಗುತ್ತದೆ. ದೋಷ ಕಾರ್ಡಿನದಲ್ಲವೆಂದು ಖಚಿತವಾಗಿದ್ದರೆ ಕೊಡುವ ಮೊದಲು ಕಾರ್ಡನ್ನು ತೆಗೆದಿಟ್ಟುಕೊಳ್ಳಿ.